ರೋಗಿಯ ಮಗ್ಗುಲಿನಿಂದ ಶುರುವಾಗಲಿ ಕಂಪ್ಯೂಟರ್ ಪಾಠ: ನರ್ಸಿಂಗ್ ಶಿಕ್ಷಕರಿಗೊಂದು ಮಾರ್ಗದರ್ಶಿ

ಎರಡನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಪವರ್‌ಪಾಯಿಂಟ್‌ನಲ್ಲಿ ಅಕ್ಷರಗಳನ್ನು ಹಾರಿಸಿ, ತಿರುಗಿಸಿ, ಬಣ್ಣ ಬದಲಿಸಿ ತೋರಿಸಿದ್ದಳು. ಲ್ಯಾಬ್ ಪರೀಕ್ಷೆಯಲ್ಲಿ ತರಗತಿಗೆಲ್ಲ ಅವಳಿಗೇ ಹೆಚ್ಚು ಅಂಕ. ಮುಂದಿನ ತಿಂಗಳು ಮೆಡಿಕಲ್ ವಾರ್ಡಿನ ಪೋಸ್ಟಿಂಗ್. ಒಬ್ಬ ರೋಗಿಗೆ ಪೊಟ್ಯಾಸಿಯಂ ಸೇರಿಸಿದ ಡ್ರಿಪ್ ಹಾಕಬೇಕಿತ್ತು. "ನಿನ್ನೆಯ ಪೊಟ್ಯಾಸಿಯಂ ಎಷ್ಟಿತ್ತು, ನೋಡಿ ಹೇಳಮ್ಮ" ಅಂದರು ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಹುಡುಗಿ ಪರದೆಯಲ್ಲಿ ಮೊದಲು ಕಂಡ ಸಂಖ್ಯೆಯನ್ನು ಓದಿ ಹೇಳಿದಳು. ಅದು ಮೂರು ದಿನ ಹಿಂದಿನ ವರದಿ. ಹಳೆಯ ವರದಿ ಮೇಲೆ, ಹೊಸದು ಕೆಳಗೆ ಬರುವ ಹಾಗೆ ಆ ಸಾಫ್ಟ್‌ವೇರ್ ಪಟ್ಟಿ ಮಾಡುತ್ತಿತ್ತು. ಸಿಸ್ಟರ್ ತಾವೇ ಬಂದು ಇನ್ನೊಮ್ಮೆ ನೋಡಿದ್ದರಿಂದ ಅನಾಹುತ ತಪ್ಪಿತು. ಆ ಹುಡುಗಿಗೆ ಕಲಿಸಿದವಳು ನಾನು. ವರದಿ ಓದುವ ಮೊದಲು ದಿನಾಂಕ, ಸಮಯ ನೋಡಬೇಕೆಂದು ನಾನು ಅವಳಿಗೆ ಒಂದು ಸಲವೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದೀಚೆಗೆ ಈ ಪಾಠವನ್ನು ಬೇರೆ ರೀತಿಯಲ್ಲಿ ಮಾಡುತ್ತಾ ಬಂದಿದ್ದೇನೆ. ಅದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ದೊಡ್ಡ ಸಿಮ್ಯುಲೇಷನ್ ಲ್ಯಾಬ್ ಇಲ್ಲದ, ಇಪ್ಪತ್ತು ಹಳೆಯ ಕಂಪ್ಯೂಟರುಗಳಿರುವ ಜಿಲ್ಲಾ ಮಟ್ಟದ ಕಾಲೇಜನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು.

ಸಿಲಬಸ್ ಏನು ಕೊಟ್ಟಿದೆ

ಹಳೆಯ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೆ 'ಕಂಪ್ಯೂಟರ್ ಪರಿಚಯ' ಅಂತ ಒಟ್ಟು 45 ಗಂಟೆ ಇತ್ತು. ಭಾರತೀಯ ನರ್ಸಿಂಗ್ ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮ 2021ರ ಜುಲೈನಲ್ಲಿ ಗೆಜೆಟ್‌ನಲ್ಲಿ ಪ್ರಕಟವಾಯಿತು. ಅದು ಈ ವಿಷಯವನ್ನು 'ಹೆಲ್ತ್/ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್ ಅಂಡ್ ಟೆಕ್ನಾಲಜಿ' ಎಂಬ ಹೆಸರಿನಲ್ಲಿ ಎರಡನೇ ಸೆಮಿಸ್ಟರಿಗೆ ತಂದಿತು. ಪಾಠಕ್ಕೆ 40 ಗಂಟೆ, ಲ್ಯಾಬ್‌ಗೆ 40 ಗಂಟೆ, ಒಟ್ಟು ಹತ್ತು ಘಟಕಗಳು. ವಿದ್ಯುನ್ಮಾನ ಆರೋಗ್ಯ ದಾಖಲೆ, ರೋಗಿಯ ಸುರಕ್ಷತೆ, ನಿರ್ಧಾರಕ್ಕೆ ನೆರವಾಗುವ ವ್ಯವಸ್ಥೆಗಳು, ಮಾಹಿತಿಗೆ ಸಂಬಂಧಿಸಿದ ಕಾನೂನು ಎಲ್ಲವೂ ಅದರಲ್ಲಿವೆ. ಹಾಗಿದ್ದೂ ಎಷ್ಟೋ ಕಡೆ ಕಂಪ್ಯೂಟರ್ ಬಳಕೆಯ ಮೊದಲ ಘಟಕವೇ ಸೆಮಿಸ್ಟರ್ ಪೂರ್ತಿ ನುಂಗಿಬಿಡುತ್ತದೆ. ಉಳಿದ ಒಂಬತ್ತು ಘಟಕಗಳು ಪರೀಕ್ಷೆಗೆ ಹದಿನೈದು ದಿನ ಇರುವಾಗ ನೋಟ್ಸ್ ಬರೆಸುವುದರಲ್ಲಿ ಮುಗಿಯುತ್ತವೆ.

ಆದ್ದರಿಂದ ಮೊದಲ ತೀರ್ಮಾನ, ಯಾರು ಕಲಿಸಬೇಕು ಎನ್ನುವುದು. ಹೊರಗಿನಿಂದ ಬರುವ ಕಂಪ್ಯೂಟರ್ ಶಿಕ್ಷಕರೊಬ್ಬರಿಗೇ ವಿಷಯವನ್ನು ಪೂರ್ತಿ ಒಪ್ಪಿಸಬೇಡಿ. ಅವರಿಗೆ ಎಕ್ಸೆಲ್ ನಮಗಿಂತ ಚೆನ್ನಾಗಿ ಗೊತ್ತು, ಆದರೆ ಉಸಿರಾಟದ ಗತಿ 28 ಅಂದರೆ ಏನೆಂದು ಅವರಿಗೆ ಗೊತ್ತಿರಬೇಕಾಗಿಲ್ಲ. ಲ್ಯಾಬ್ ಗಂಟೆಗಳಲ್ಲಿ ಇಬ್ಬರೂ ಕೂತಿರಿ. ವೇಳಾಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿ ಎಂದು ಪ್ರಾಂಶುಪಾಲರಿಗೆ ಮೊದಲೇ ಬರೆದುಕೊಡಿ, ಇಲ್ಲದಿದ್ದರೆ ಆ ಗಂಟೆಗೆ ನಿಮ್ಮನ್ನು ಬೇರೆ ಕೆಲಸಕ್ಕೆ ಹಾಕುತ್ತಾರೆ.

ಮೊದಲ ವಾರ ಕಂಪ್ಯೂಟರ್ ಮುಟ್ಟಿಸಬೇಡಿ

ಮೊದಲ ಲ್ಯಾಬ್ ಅನ್ನು ವಾರ್ಡಿನಲ್ಲಿ ನಡೆಸಿ. ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದು ಚೀಟಿಯನ್ನು ಹಿಂಬಾಲಿಸಲು ಹೇಳಿ. ರಕ್ತಪರೀಕ್ಷೆಯ ಚೀಟಿ ಅಂದುಕೊಳ್ಳಿ. ಡಾಕ್ಟರು ರೌಂಡ್ಸ್‌ನಲ್ಲಿ ಕೇಸ್ ಶೀಟಿನಲ್ಲಿ ಬರೆದರು, ಸಿಸ್ಟರ್ ಅದನ್ನು ಚೀಟಿಗೆ ಇಳಿಸಿದರು, ಟ್ಯೂಬಿನ ಮೇಲೆ ಹೆಸರು ಬರೆದರು, ಅಟೆಂಡರ್ ಒಯ್ದರು, ಲ್ಯಾಬಿನಲ್ಲಿ ರಿಜಿಸ್ಟರಿಗೆ ಹತ್ತಿತು, ಫಲಿತಾಂಶ ಕಂಪ್ಯೂಟರಿಗೆ ಹೋಯಿತು, ಪ್ರಿಂಟ್ ಆಗಿ ವಾರ್ಡಿಗೆ ಬಂತು, ಮತ್ತೆ ಕೇಸ್ ಶೀಟಿಗೆ ಅಂಟಿತು. ಪ್ರತಿ ಹಂತದಲ್ಲೂ ಸಮಯ ಗುರುತು ಮಾಡಿಕೊಳ್ಳಲಿ. ರೋಗಿಯ ಹೆಸರನ್ನು ಎಷ್ಟು ಸಲ ಕೈಯಲ್ಲಿ ಬರೆದರು ಅಂತ ಲೆಕ್ಕ ಇಡಲಿ. ತಮ್ಮ ಟಿಪ್ಪಣಿಯಲ್ಲಿ ಮಾತ್ರ ರೋಗಿಯ ಹೆಸರು ಬರೆಯಬಾರದು, 'ರೋಗಿ 1' ಎಂದಷ್ಟೇ ಬರೆಯಬೇಕು. ಗೋಪ್ಯತೆಯ ಪಾಠ ಇಲ್ಲಿಂದಲೇ ಶುರುವಾದ ಹಾಗಾಯಿತು.

ವಾಪಸ್ ಬಂದು ಬೋರ್ಡಿನ ಮೇಲೆ ಆ ದಾರಿಯನ್ನು ಬಿಡಿಸಲಿ. ಒಂದು ಹೆಸರು ಐದಾರು ಕಡೆ ಕೈಬರಹದಲ್ಲಿ ನಕಲಾಗುತ್ತದೆ ಅಂತ ಕಂಡಾಗ, ಯುಎಚ್‌ಐಡಿ (ಪ್ರತಿ ರೋಗಿಗೂ ಆಸ್ಪತ್ರೆ ಕೊಡುವ ಗುರುತಿನ) ಸಂಖ್ಯೆ ಯಾಕೆ ಬೇಕು, ಬಾರ್‌ಕೋಡ್ ಯಾಕೆ ಬಂತು ಎನ್ನುವುದನ್ನು ನೀವು ವಿವರಿಸಬೇಕಾಗಿಲ್ಲ, ಅವರೇ ಹೇಳುತ್ತಾರೆ.

ಹತ್ತು ರೋಗಿಗಳನ್ನು ಕಟ್ಟಿಕೊಳ್ಳಿ

ಅಭ್ಯಾಸಕ್ಕೆ ನಿಜವಾದ ರೋಗಿಯ ದಾಖಲೆ ಬಳಸಲೇಬಾರದು. ಹತ್ತು ಕಾಲ್ಪನಿಕ ರೋಗಿಗಳನ್ನು ನೀವೇ ಸೃಷ್ಟಿಸಿಕೊಳ್ಳಿ, ವರ್ಷವಿಡೀ ಅವರೇ ನಿಮ್ಮ ವಾರ್ಡು. ಇದಕ್ಕೆ ಎರಡು ಸಂಜೆ ಬೇಕಾಗುತ್ತದೆ, ಆದರೆ ಇಡೀ ಕೋರ್ಸ್ ನಿಲ್ಲುವುದು ಇದರ ಮೇಲೆ. ಹೆಸರು, ಊರು, ಕಾಯಿಲೆ ಎಲ್ಲವೂ ನಮ್ಮ ಕಡೆಯವೇ ಆಗಿರಲಿ. ಹೊರದೇಶದ ಪಠ್ಯಪುಸ್ತಕದ ಹೆಸರುಗಳನ್ನು ಹಾಕಿದರೆ ನಮ್ಮ ವಾರ್ಡಿನ ತೊಡಕುಗಳು ಒಳಗೆ ಬರುವುದಿಲ್ಲ.

ಆ ತೊಡಕುಗಳನ್ನು ಬೇಕೆಂದೇ ಸೇರಿಸಿ. ಇಬ್ಬರು ಲಕ್ಷ್ಮಮ್ಮಂದಿರು ಅಕ್ಕಪಕ್ಕದ ಮಂಚದಲ್ಲಿರಲಿ. ಒಬ್ಬರ ಹೆಸರನ್ನು ಇಂಗ್ಲಿಷಿನಲ್ಲಿ ಕೆ-ಎಸ್ ಹಾಕಿ ಬರೆದಿರಲಿ, ಇನ್ನೊಬ್ಬರದನ್ನು ಎಕ್ಸ್ ಹಾಕಿ. ಹುಡುಕುವ ಪೆಟ್ಟಿಗೆಯಲ್ಲಿ ಒಂದು ರೀತಿ ಟೈಪ್ ಮಾಡಿದರೆ ಇನ್ನೊಬ್ಬರು ಕಾಣಿಸುವುದೇ ಇಲ್ಲ; ಆಗ ಹೊಸದಾಗಿ ಬಂದ ವಿದ್ಯಾರ್ಥಿ ಇದ್ದ ರೋಗಿಗೇ ಇನ್ನೊಂದು ದಾಖಲೆ ತೆರೆಯುತ್ತಾನೆ. ಜನ್ಮದಿನಾಂಕದಿಂದ ಗುರುತಿಸಿ ಎಂದು ಪುಸ್ತಕ ಹೇಳುತ್ತದೆ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿಕೊಂಡವರು ಎಷ್ಟು ಜನ! ವಯಸ್ಸನ್ನು ಅಂದಾಜಿನಲ್ಲಿ ಹೇಳಿದವರಿಗೆ ಜನವರಿ 1 ಬೀಳುತ್ತದೆ. ಹೀಗಾಗಿ ಹೆಸರಿನ ಜೊತೆ ಯುಎಚ್‌ಐಡಿ, ತಂದೆಯ ಅಥವಾ ಗಂಡನ ಹೆಸರು, ಊರು ಇವುಗಳನ್ನು ಕೇಳುವ ಅಭ್ಯಾಸ ಮಾಡಿಸಿ. "ನೀವು ಲಕ್ಷ್ಮಮ್ಮ ಅಲ್ವಾ?" ಎಂದು ಕೇಳಬಾರದು. ಕಿವಿ ಮಂದವಾದ ಅಜ್ಜಿ ಎಲ್ಲದಕ್ಕೂ 'ಹೂಂ' ಅನ್ನುತ್ತಾರೆ. "ನಿಮ್ಮ ಹೆಸರೇನಮ್ಮ, ಹೇಳಿ" ಎಂದು ಕೇಳಬೇಕು.

ದಾಖಲೆಯ ಸಾಫ್ಟ್‌ವೇರ್

ದುಡ್ಡು ಕೊಟ್ಟು ಕೊಳ್ಳುವ ಅಗತ್ಯವಿಲ್ಲ. 'ಬಾಹ್ಮ್ನಿ' ಎಂಬ ಆಸ್ಪತ್ರೆ ಸಾಫ್ಟ್‌ವೇರ್ ಮುಕ್ತವಾಗಿ ಸಿಗುತ್ತದೆ. ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿಯ ಗನಿಯಾರಿ ಎಂಬ ಹಳ್ಳಿಯಲ್ಲಿರುವ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಯಲ್ಲಿ ಅದು ರೂಪುಗೊಂಡಿತು. ಅಂದರೆ ಬಡ ರೋಗಿಗಳು ಕಿಕ್ಕಿರಿಯುವ ನಮ್ಮಂಥ ಆಸ್ಪತ್ರೆಯ ಕಷ್ಟ ಗೊತ್ತಿರುವ ಸಾಫ್ಟ್‌ವೇರ್ ಅದು. ಲ್ಯಾಬಿನ ಒಂದು ಒಳ್ಳೆಯ ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಂಡರೆ ಉಳಿದವುಗಳ ಬ್ರೌಸರ್‌ನಿಂದಲೇ ತೆರೆಯಬಹುದು. ಸ್ಥಾಪಿಸುವ ಕೆಲಸಕ್ಕೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳನ್ನು ಕರೆಯಿರಿ, ಅವರಿಗೂ ಅದು ಒಳ್ಳೆಯ ಪ್ರಾಜೆಕ್ಟ್. ಅದೂ ಆಗದಿದ್ದರೆ ಸ್ಪ್ರೆಡ್‌ಶೀಟ್ ಸಾಕು. ರೋಗಿಗೆ ಒಂದು ಹಾಳೆ, ಮೇಲೆ ಗುರುತು, ಕೆಳಗೆ ಟಿಪಿಆರ್ (ಮೈಶಾಖ, ನಾಡಿ, ಉಸಿರಾಟ), ಔಷಧ, ನರ್ಸಸ್ ನೋಟ್ಸ್.

ಎಕ್ಸೆಲ್ ಕಲಿಸುವುದಾದರೆ ನ್ಯೂಸ್-2 ಮೂಲಕ ಕಲಿಸಿ

ನನ್ನ ಅನುಭವದಲ್ಲಿ ಇಡೀ ಸೆಮಿಸ್ಟರಿನಲ್ಲಿ ಮಕ್ಕಳ ಕಣ್ಣು ತೆರೆಸುವ ಲ್ಯಾಬ್ ಇದೇ. ಎರಡು ಅವಧಿ ಕೊಡಿ, ಅವಸರ ಮಾಡಬೇಡಿ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರತಂದ ನ್ಯೂಸ್-2 ಎಂಬ ಅಂಕಪಟ್ಟಿ ಇದೆ. ಉಸಿರಾಟದ ಗತಿ, ಆಮ್ಲಜನಕದ ಮಟ್ಟ, ಮೇಲಿನ ರಕ್ತದೊತ್ತಡ, ನಾಡಿ, ಪ್ರಜ್ಞೆ, ಮೈಶಾಖ ಈ ಆರಕ್ಕೂ 0ಯಿಂದ 3ರವರೆಗೆ ಅಂಕ; ಸಹಜ ಮಟ್ಟದಿಂದ ದೂರ ಹೋದಷ್ಟೂ ಅಂಕ ಹೆಚ್ಚು. ಆಮ್ಲಜನಕ ಕೊಡುತ್ತಿದ್ದರೆ ಇನ್ನೂ 2. ಒಟ್ಟು 5 ಆದರೆ ತುರ್ತಾಗಿ ವೈದ್ಯರು ನೋಡಬೇಕು, 7 ಅಥವಾ ಮೇಲಾದರೆ ತೀವ್ರ ತುರ್ತು. ಇದು 16 ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಅಲ್ಲ ಎಂಬುದನ್ನು ಹಾಳೆಯ ತಲೆಯ ಮೇಲೇ ಬರೆಸಿ.

ಈಗ ನಿಮ್ಮ ಕಾಲ್ಪನಿಕ ರೋಗಿಯೊಬ್ಬರ ಅಳತೆಗಳನ್ನು ಕೊಡಿ. ಉಸಿರಾಟ ನಿಮಿಷಕ್ಕೆ 22, ಆಮ್ಲಜನಕ ಶೇ. 94, ಮೇಲಿನ ಬಿ.ಪಿ. 104, ನಾಡಿ 112, ಜ್ವರ 38.4 ಡಿಗ್ರಿ ಸೆಲ್ಸಿಯಸ್. ಪ್ರಜ್ಞೆ ಚೆನ್ನಾಗಿದೆ, ಆಮ್ಲಜನಕ ಹಚ್ಚಿಲ್ಲ. ಮೊದಲು ಕೇಳಿ: ಈ ರೋಗಿ ಹೇಗಿದ್ದಾರೆ? "ಸ್ವಲ್ಪ ಜ್ವರ ಇದೆ ಮೇಡಂ, ಪರವಾಗಿಲ್ಲ" ಅನ್ನುವವರೇ ಹೆಚ್ಚು. ಆಮೇಲೆ ಅಂಕ ಹಾಕಿಸಿ. ಉಸಿರಾಟಕ್ಕೆ 2, ಆಮ್ಲಜನಕಕ್ಕೆ 1, ಬಿ.ಪಿ.ಗೆ 1, ನಾಡಿಗೆ 2, ಜ್ವರಕ್ಕೆ 1. ಒಟ್ಟು 7. ಯಾವುದೊಂದು ಸಂಖ್ಯೆಯೂ ತಾನಾಗಿ ಬೆಚ್ಚಿಬೀಳಿಸುವಂಥದ್ದಲ್ಲ, ಆದರೆ ಕೂಡಿದಾಗ ಡಾಕ್ಟರಿಗೆ ಈಗಲೇ ಫೋನ್ ಮಾಡಬೇಕಾದ ರೋಗಿ ಅವರು. ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ.

ನಂತರ ಇದೇ ಲೆಕ್ಕವನ್ನು ಎಕ್ಸೆಲ್ ತಾನೇ ಮಾಡುವ ಹಾಗೆ ಸೂತ್ರ ಬರೆಯಲಿ. 'ಇಫ್' ಸೂತ್ರವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ, ಬೇಕಾದ್ದರಿಂದ ಕಲಿಯುತ್ತಾರೆ. ಸೂತ್ರ ಕೆಲಸ ಮಾಡಿತು ಎಂದು ಎಲ್ಲರೂ ಖುಷಿಯಲ್ಲಿರುವಾಗ ಮೂರು ಪ್ರಯೋಗ ಮಾಡಿಸಿ.

ಮೊದಲನೆಯದು, ಉಸಿರಾಟದ ಕೋಶವನ್ನು ಖಾಲಿ ಬಿಡುವುದು. ಎಕ್ಸೆಲ್ ಖಾಲಿ ಕೋಶವನ್ನು ಸೊನ್ನೆ ಎಂದುಕೊಳ್ಳುತ್ತದೆ, ಉಸಿರಾಟ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 3 ಅಂಕ, ಹಾಗಾಗಿ ಸೊನ್ನೆಗೂ 3 ಬೀಳುತ್ತದೆ. ಎರಡನೆಯದು, ಪ್ರಜ್ಞೆಯ ಕೋಶ ಖಾಲಿ ಬಿಡುವುದು. 'ಗೊಂದಲ ಎಂದು ಬರೆದಿದ್ದರೆ 3, ಇಲ್ಲದಿದ್ದರೆ 0' ಎಂದು ಸೂತ್ರ ಬರೆದವರಿಗೆ ಇಲ್ಲಿ 0 ಬರುತ್ತದೆ. ಒಂದು ಖಾಲಿ ಕೋಶ ಸುಮ್ಮನೆ ಗಾಬರಿ ಹುಟ್ಟಿಸಿತು, ಇನ್ನೊಂದು ಖಾಲಿ ಕೋಶ ಅಪಾಯವನ್ನು ಮುಚ್ಚಿತು. ಅಳೆದಿಲ್ಲ ಅನ್ನುವುದು ಬೇರೆ, ಅಳೆದಾಗ ಸರಿಯಿತ್ತು ಅನ್ನುವುದು ಬೇರೆ. ಇದನ್ನು ಹತ್ತು ಉಪನ್ಯಾಸಗಳಲ್ಲಿ ಹೇಳಿದರೂ ತಲೆಗೆ ಹೋಗುವುದಿಲ್ಲ, ತಮ್ಮ ಸೂತ್ರವೇ ತಪ್ಪಿದಾಗ ಹೋಗುತ್ತದೆ.

ಮೂರನೆಯದು ನಮ್ಮ ವಾರ್ಡುಗಳದೇ ಸಮಸ್ಯೆ. ನಾವು ಜ್ವರವನ್ನು ಫ್ಯಾರನ್‌ಹೀಟ್‌ನಲ್ಲಿ ಬರೆಯುತ್ತೇವೆ, ನ್ಯೂಸ್-2 ಸೆಲ್ಸಿಯಸ್ ಕೇಳುತ್ತದೆ. ಮೇಲಿನ ರೋಗಿಯ 38.4, ನಮ್ಮ ಟಿಪಿಆರ್ ಚಾರ್ಟಿನಲ್ಲಿ 101.1 ಆಗಿರುತ್ತದೆ. ಜ್ವರವೇ ಇಲ್ಲದವರ 98.4 ಅನ್ನು ಹಾಗೇ ಟೈಪ್ ಮಾಡಿದರೆ 2 ಅಂಕ ಬರುತ್ತದೆ. 45ಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಕೋಶ ಒಪ್ಪಿಕೊಳ್ಳದ ಹಾಗೆ ಮಾಡುವುದು ಹೇಗೆಂದು ಈಗ ಕಂಪ್ಯೂಟರ್ ಶಿಕ್ಷಕರು ತೋರಿಸಲಿ. ಅವರ ಪಾಠಕ್ಕೆ ಇಷ್ಟು ಗಮನ ಬೇರೆ ಯಾವ ದಿನವೂ ಸಿಗುವುದಿಲ್ಲ.

ಹಾಗೆಯೇ ಒಂದು ಚಾರ್ಟಿನಲ್ಲಿ ಉಸಿರಾಟ 20, 20, 20, 20 ಎಂದು ನಾಲ್ಕು ದಿನ ಬರೆದು ಕೊಡಿ. ಗ್ರಾಫ್ ಹಾಕಿಸಿ. ಅಡ್ಡಗೆರೆಯೊಂದು ನೇರವಾಗಿ ಹೋಗುತ್ತದೆ. ಮನುಷ್ಯ ಹಾಗೆ ಉಸಿರಾಡುವುದಿಲ್ಲ ಅಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಪೂರ್ತಿ ಒಂದು ನಿಮಿಷ ಎಣಿಸದೆ ಬರೆದ ಸಂಖ್ಯೆಯನ್ನು ಯಾವ ಸಾಫ್ಟ್‌ವೇರ್ ಕೂಡ ಸರಿಪಡಿಸಲಾರದು.

ರೋಗಿಯ ಮಾತು, ಪರದೆಯ ಪಟ್ಟಿ

ರೋಗಿ ಹೇಳುತ್ತಾರೆ: "ಎದೆ ಉರಿ ಕಣವ್ವ, ಗ್ಯಾಸ್ಟ್ರಿಕ್ ಆಗಿರ್ಬೇಕು. ಬೆಳಗ್ಗಿಂದ ಎಡಗೈ ಜೋಮು." ಪರದೆಯ ಪಟ್ಟಿಯಲ್ಲಿ 'ಗ್ಯಾಸ್ಟ್ರೈಟಿಸ್' ಇದೆ, 'ಎದೆನೋವು' ಇದೆ. ಯಾವುದನ್ನು ಒತ್ತುತ್ತೀರಿ? ಗ್ಯಾಸ್ಟ್ರಿಕ್ ಎಂದು ಒತ್ತಿದ ಕ್ಷಣ ಆ ರೋಗಿ ಸಾಲಿನ ಕೊನೆಗೆ ಹೋಗಬಹುದು. 'ಗ್ಯಾಸ್ಟ್ರಿಕ್' ರೋಗಿಯ ಊಹೆ, ಎದೆಯ ಉರಿ ಮತ್ತು ಕೈ ಜೋಮು ಅವರು ಅನುಭವಿಸುತ್ತಿರುವ ಲಕ್ಷಣ. ಲಕ್ಷಣವನ್ನು ಪಟ್ಟಿಯಿಂದ ಆರಿಸಬೇಕು, ರೋಗಿ ಆಡಿದ ಮಾತನ್ನು ಟಿಪ್ಪಣಿಯಲ್ಲಿ ಇದ್ದ ಹಾಗೇ ಬರೆಯಬೇಕು.

ಸುಸ್ತು, ಸಂಕಟ, ತಲೆಸುತ್ತು, ಹೊಟ್ಟೆ ತೊಳಸು, ಮೈ ಜುಮ್ಮೆನ್ನುವುದು: ಇಂಥ ಮೂವತ್ತು ಮಾತುಗಳ ಪಟ್ಟಿಯನ್ನು ವಿದ್ಯಾರ್ಥಿಗಳೇ ಒಪಿಡಿಯಿಂದ ಕಲೆಹಾಕಲಿ. ಪ್ರತಿಯೊಂದಕ್ಕೂ ದಾಖಲೆಯಲ್ಲಿ ಯಾವ ಪದ, ಅದಕ್ಕೆ ಮೊದಲು ರೋಗಿಗೆ ಕೇಳಬೇಕಾದ ಮರುಪ್ರಶ್ನೆ ಯಾವುದು ಎಂದು ಎದುರಿಗೆ ಬರೆಯಲಿ. ಸ್ನೋಮೆಡ್, ಐಸಿಡಿ-10 ಇಂಥ, ರೋಗ ಮತ್ತು ಲಕ್ಷಣಗಳಿಗೆ ಸಂಕೇತ ಕೊಡುವ ಪಟ್ಟಿಗಳನ್ನು ಇದಾದ ಮೇಲೆ ಪರಿಚಯಿಸಿದರೆ ಸುಲಭವಾಗಿ ಹಿಡಿಸುತ್ತದೆ. ಉತ್ತರ ಕರ್ನಾಟಕದ ಮಕ್ಕಳೂ ಹಳೇ ಮೈಸೂರಿನ ಮಕ್ಕಳೂ ಒಂದೇ ತರಗತಿಯಲ್ಲಿದ್ದರೆ ಈ ಪಟ್ಟಿ ಬಹಳ ಸೊಗಸಾಗಿ ಬೆಳೆಯುತ್ತದೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಕಂಪ್ಯೂಟರಿಗೆ ಹೆದರುವುದು ಹೆಚ್ಚಾಗಿ ಇಂಗ್ಲಿಷಿನ ಭಯದಿಂದ. ವಿವರಣೆಯನ್ನು ಕನ್ನಡದಲ್ಲೇ ಕೊಡಿ, ದಾಖಲೆಯನ್ನು ಇಂಗ್ಲಿಷಿನಲ್ಲಿ ಬರೆಸಿ. ಯೂನಿಕೋಡ್ ಕನ್ನಡ ಟೈಪಿಂಗ್ ಕೂಡ ಎಲ್ಲರಿಗೂ ಬರಬೇಕು. ಡಿಸ್ಚಾರ್ಜ್ ಆಗುವ ರೋಗಿಗೆ ಮಾತ್ರೆಯ ವೇಳೆಯನ್ನು ಕನ್ನಡದಲ್ಲಿ ಮುದ್ರಿಸಿ ಕೊಡಬಲ್ಲ ನರ್ಸ್ ಯಾವ ಆಸ್ಪತ್ರೆಗೂ ಬೇಕಾದವಳು.

ಯಂತ್ರಗಳು

ಆಕ್ಸಿಮೀಟರ್ ತೋರಿಸಿದ್ದೆಲ್ಲ ಸತ್ಯವಲ್ಲ ಎಂದು ಕೈಯಾರೆ ತಿಳಿಯಲಿ. ತಣ್ಣೀರಿನಲ್ಲಿ ಅದ್ದಿದ ಬೆರಳು, ಗಾಢ ನೇಲ್ ಪಾಲಿಷ್, ದಟ್ಟ ಮೆಹೆಂದಿ, ಅಲುಗಾಡುವ ಕೈ ಇವುಗಳಲ್ಲಿ ಹಾಕಿ ನೋಡಲಿ. ಕಪ್ಪು ಮೈಬಣ್ಣದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸಬಹುದೆಂಬುದು 2020ರ ಅಮೆರಿಕದ ಅಧ್ಯಯನವೊಂದರ ನಂತರ ದೊಡ್ಡ ಚರ್ಚೆಯಾಯಿತು. ಯಂತ್ರದ ನಾಡಿಯೂ ಕೈಯಲ್ಲಿ ಎಣಿಸಿದ ನಾಡಿಯೂ ಹೊಂದದಿದ್ದರೆ ಆಮ್ಲಜನಕದ ಸಂಖ್ಯೆಯನ್ನೂ ಅನುಮಾನಿಸಬೇಕು.

ಇನ್‌ಫ್ಯೂಷನ್ ಪಂಪ್ (ಡ್ರಿಪ್ಪಿನ ವೇಗವನ್ನು ತಾನೇ ನಿಯಂತ್ರಿಸುವ ಯಂತ್ರ) ಬಂದ ಮೇಲೂ ಹನಿ ಎಣಿಸುವುದನ್ನು ಬಿಡಿಸಬೇಡಿ. 500 ಮಿ.ಲೀ. ದ್ರವ 8 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಮಿಲಿಲೀಟರಿಗೆ 20 ಹನಿ ಅಂದರೆ ನಿಮಿಷಕ್ಕೆ ಸುಮಾರು 21 ಹನಿ. ಪಂಪಿನಲ್ಲಾದರೆ ಗಂಟೆಗೆ 62.5 ಮಿ.ಲೀ. ಚುಕ್ಕಿ ಬಿಟ್ಟು 625 ಒತ್ತಿದರೆ? ಲೆಕ್ಕ ಮಾಡಲಿ: ಬಾಟಲಿ 48 ನಿಮಿಷದಲ್ಲಿ ಖಾಲಿ. ಹೃದಯ ಸೋತ ರೋಗಿಗೆ ಅದು ಏನು ಮಾಡುತ್ತದೆಂದು ಶರೀರಕ್ರಿಯಾಶಾಸ್ತ್ರದ ತರಗತಿಯಿಂದ ಅವರೇ ನೆನಪಿಸಿಕೊಂಡು ಹೇಳಲಿ.

ಇ-ಸಂಜೀವಿನಿಗೆ ಈಗಲೇ ತಯಾರಿ

ನಮ್ಮ ಬಿ.ಎಸ್ಸಿ. ಪದವೀಧರರಲ್ಲಿ ಅನೇಕರು ಮುಂದೆ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂರುತ್ತಾರೆ. ಅಲ್ಲಿ ಇ-ಸಂಜೀವಿನಿ ಎಂಬ ಸರ್ಕಾರಿ ಟೆಲಿಮೆಡಿಸಿನ್ ಸೇವೆಯ ಮೂಲಕ ದೂರದ ಡಾಕ್ಟರನ್ನು ಪರದೆಗೆ ಕರೆದು ರೋಗಿಯ ಪಕ್ಕ ಕೂರುವವರು ಇವರೇ. ಇದನ್ನು ನಾಟಕವಾಗಿ ಮಾಡಿಸಿ. ಒಬ್ಬರು ರೋಗಿ, ಒಬ್ಬರು ಅಧಿಕಾರಿ, ಪಕ್ಕದ ಕೋಣೆಯಿಂದ ಫೋನಿನಲ್ಲಿ ನೀವು ಡಾಕ್ಟರು. ಮಧ್ಯೆ ಬೇಕೆಂದೇ ವಿಡಿಯೋ ನಿಲ್ಲಿಸಿ, ಬರೀ ಮಾತಿನಲ್ಲಿ ರೋಗಿಯನ್ನು ವರ್ಣಿಸಲಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಅರ್ಥ. ಆರೋಗ್ಯ ಕಾರ್ಯಕರ್ತರು ಕರೆ ಮಾಡಿದರೆ ರೋಗಿಯ ಸ್ಪಷ್ಟ ಒಪ್ಪಿಗೆ ಕೇಳಿ ದಾಖಲಿಸಬೇಕು. ಈ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಗೆ ಕೇಳುತ್ತೀರಿ ಎಂದು ಪ್ರತಿಯೊಬ್ಬರಿಂದಲೂ ಹೇಳಿಸಿ. 14 ಅಂಕಿಯ ಆಭಾ (ಡಿಜಿಟಲ್ ಆರೋಗ್ಯ ಖಾತೆಯ) ಸಂಖ್ಯೆ ಐಚ್ಛಿಕ ಎಂಬುದನ್ನು ರೋಗಿಗೆ ವಿವರಿಸುವುದನ್ನೂ ಇದೇ ನಾಟಕದಲ್ಲಿ ಸೇರಿಸಬಹುದು. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಎಲ್ಲರ ನಾಲಿಗೆಯ ಮೇಲಿರಲಿ. 2022ರ ಅಕ್ಟೋಬರ್ 10ರಂದು ಶುರುವಾದ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಫೋನು, ಪಾಸ್‌ವರ್ಡು, ಎಐ

ಗಾಯದ ಫೋಟೋ ತೆಗೆದು ಗುಂಪಿಗೆ ಹಾಕುವುದು, ಎಕ್ಸ್‌-ರೇಯನ್ನು ಸ್ಟೇಟಸ್‌ಗೆ ಹಾಕುವುದು, ಸೀನಿಯರ್ ಸಿಸ್ಟರಿನ ಪಾಸ್‌ವರ್ಡಿನಲ್ಲಿ ಔಷಧ ಕೊಟ್ಟದ್ದನ್ನು ನಮೂದಿಸುವುದು. ಮೂರೂ ದಿನನಿತ್ಯ ನಡೆಯುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಹೇಳಿ, ಆದರೆ ಅದಕ್ಕಿಂತ ಮೊದಲು "ಈ ಫೋಟೋದಲ್ಲಿರುವುದು ನಿಮ್ಮ ಅಮ್ಮ ಆಗಿದ್ದರೆ?" ಎಂದು ಕೇಳಿ. ಬೇರೆಯವರ ಲಾಗಿನ್‌ನಲ್ಲಿ ಬರೆದರೆ ಕೊಟ್ಟವರಾರು ಎಂಬ ಗುರುತೇ ಅಳಿಸಿಹೋಗುತ್ತದೆ. ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಅನ್ನು ಎಐ ಕೈಯಲ್ಲಿ ಬರೆಸುವ ಮಕ್ಕಳಿಗೆ ಬೈಯುವ ಬದಲು, ಅದು ಬರೆದದ್ದನ್ನು ನಿಮ್ಮ ಹತ್ತು ರೋಗಿಗಳಲ್ಲೊಬ್ಬರ ಚಾರ್ಟಿನ ಜೊತೆ ಇಟ್ಟು ತಪ್ಪು ಹುಡುಕಲು ಹೇಳಿ. ನಿಜವಾದ ರೋಗಿಯ ಒಂದು ವಿವರವೂ ಅದರೊಳಗೆ ಹೋಗಕೂಡದು.

ಕರೆಂಟ್ ಹೋದ ದಿನ

ಸೆಮಿಸ್ಟರಿನಲ್ಲಿ ಒಮ್ಮೆ, ಹೇಳದೆ ಕೇಳದೆ, ಲ್ಯಾಬಿನ ಮೇನ್ ಆಫ್ ಮಾಡಿ. ವಾರ್ಡ್ ನಡೆಯುತ್ತಲೇ ಇರಬೇಕು. ಕಾಗದದ ಚಾರ್ಟ್ ಎಲ್ಲಿದೆ? ಹತ್ತು ಗಂಟೆಯ ಆ್ಯಂಟಿಬಯೋಟಿಕ್ ಕೊಟ್ಟಾಯಿತೇ? ಅರ್ಧ ಗಂಟೆ ಬಿಟ್ಟು ಕರೆಂಟ್ ಕೊಡಿ, ಕಾಗದದಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸಲಿ. ಇಲ್ಲಿ ಒಂದು ತಪ್ಪು ತಪ್ಪದೆ ಆಗುತ್ತದೆ: ಔಷಧ ಕೊಟ್ಟ ಸಮಯದ ಬದಲು ಟೈಪ್ ಮಾಡಿದ ಸಮಯ ದಾಖಲಾಗುತ್ತದೆ. ಮುಂದಿನ ಡೋಸ್ ಅರ್ಧ ಗಂಟೆ ಆಚೆಗೆ ಜಾರುತ್ತದೆ. ಕೊಟ್ಟ ವೇಳೆ ಬೇರೆ, ಬರೆದ ವೇಳೆ ಬೇರೆ ಎಂದು ಎರಡನ್ನೂ ನಮೂದಿಸುವುದನ್ನು ಅಂದೇ ಕಲಿಸಿ.

ಅಂಕ ಕೊಡುವುದು

ಲ್ಯಾಬ್ ಪರೀಕ್ಷೆಗೆ ಪವರ್‌ಪಾಯಿಂಟ್ ಬೇಡ. ಹತ್ತು ರೋಗಿಗಳಲ್ಲಿ ಒಬ್ಬರ ದಾಖಲೆ ತೆರೆದಿಡಿ, ಅದರಲ್ಲಿ ಐದು ತಪ್ಪು ಹುದುಗಿಸಿಡಿ: ಪಕ್ಕದ ಲಕ್ಷ್ಮಮ್ಮನ ವರದಿ, ಫ್ಯಾರನ್‌ಹೀಟ್ ಜ್ವರ, ಅಳೆಯದ ಪ್ರಜ್ಞೆ, ಅಲರ್ಜಿ ಇರುವ ಔಷಧ, ಮೂರು ದಿನದ ಹಳೆಯ ಪೊಟ್ಯಾಸಿಯಂ. ಹದಿನೈದು ನಿಮಿಷ ಸಮಯ. ಕಂಡುಹಿಡಿದದ್ದಕ್ಕೆ ಅರ್ಧ ಅಂಕ. ಕಂಡ ಮೇಲೆ ಯಾರಿಗೆ ಹೇಳುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ, ತಪ್ಪನ್ನು ಅಳಿಸದೆ ಹೇಗೆ ತಿದ್ದಿ ದಾಖಲಿಸುತ್ತಾರೆ ಎನ್ನುವುದಕ್ಕೆ ಇನ್ನರ್ಧ. ಕಳೆದ ಬಾರಿ ಐದನ್ನೂ ಹಿಡಿದ ವಿದ್ಯಾರ್ಥಿನಿ ಮೌಸ್ ಹಿಡಿಯಲು ಜೂನ್‌ನಲ್ಲಿ ಅಂಜುತ್ತಿದ್ದವಳು. ನಾನು ಗಮನಿಸದೆ ಬಿಟ್ಟಿದ್ದ ಆರನೆಯ ತಪ್ಪನ್ನೂ ಅವಳು ತೋರಿಸಿದಳು: ಎಡಗಾಲಿನ ಗಾಯ ಒಂದು ಟಿಪ್ಪಣಿಯಲ್ಲಿ ಬಲಗಾಲಿಗೆ ಹೋಗಿತ್ತು. ಈಗ ಆ ತಪ್ಪನ್ನೂ ಪ್ರಶ್ನೆಪತ್ರಿಕೆಗೆ ಸೇರಿಸಿಕೊಂಡಿದ್ದೇನೆ.